ಎದುರು ಕೂತು ತುಂಬಿದ ಟ್ರೇ

…ಅಥವಾ ಆ ಮಣ್ಣಿಗೆ ವಾಸನೆಯೇ ಇರಲಿಲ್ಲವೇನೋ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕೊಳೆತ ಎಲೆ, ಮೀನು, ಕೆಟ್ಟ ಮೊಟ್ಟೆ ಎಲ್ಲ ಸೇರಿದಂಥ ನಾತ ಮೂಗಿಗೆ ಬಡಿಯಿತು ಎಂದು ಮೊನ್ನೆ ತಂಗಿಯ ಹತ್ತಿರ ಹೇಳಿದೆ. ಹೇಳುತ್ತಿರುವಾಗಲೇ ಅನುಮಾನ ಬಂತು. ಇಪ್ಪತ್ತೈದು ವರ್ಷಕ್ಕೂ ಮೇಲೆ ಮುಚ್ಚಿಟ್ಟ, ಹೆಬ್ಬೆರಳಿನ ಗಾತ್ರದ, ಕಲ್ಲಿನ ಹಾಗೆ ಒಣಗಿದ ಜೇಡಿಮಣ್ಣಿಗೆ ಅಷ್ಟು ನಾತ ಎಲ್ಲಿಂದ ಬರಬೇಕು? ಮುಚ್ಚಳ ತೆಗೆದ ಮೇಲೆ ಅದಕ್ಕೆ ನಾಲ್ಕು ಹನಿ ನೀರು ಹಾಕಿದ್ದೆ, ಆಗ ಬಂದಿರಬೇಕು. ಇಲ್ಲವೇ ಬರಲೇ ಇಲ್ಲ; ಬರಬೇಕೆಂದು ಕಾದಿದ್ದೆ, ಬಂತು ಎಂದುಕೊಂಡೆ.

ಡಬ್ಬಿಯ ವಿಷಯದಲ್ಲಿ ಅನುಮಾನವಿಲ್ಲ, ಈಗಲೂ ಮೇಜಿನ ಮೇಲಿದೆ. ಹಿಂದೆ ಕ್ಯಾಮೆರಾ ರೀಲು ಬರುತ್ತಿತ್ತಲ್ಲ, ಆ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಮೇಲೆ ಅಂಟಿಸಿದ ಕಾಗದದಲ್ಲಿ ಪೆನ್ಸಿಲ್ ಅಕ್ಷರ: ಬೋರ್ ಎರಡು, ಹದಿನೆಂಟೂವರೆ ಮೀಟರ್, ಕಪ್ಪು ಜೇಡಿ. ಅಕ್ಷರ ಮೇಷ್ಟ್ರದು. ‘ಡಿ’ಯ ಗುಡಿಸನ್ನು ಕೊಡಲಿಯ ಹಾಗೆ ಎಳೆಯುತ್ತಿದ್ದರು.

ಇದು ನನ್ನ ಕೈಗೆ ಬಂದದ್ದು ಮೇಟಗಳ್ಳಿಯಿಂದ. ಅಲ್ಲಿ ಒಂದು ಲೇತ್ ಮೆಷಿನ್ನಿನ ಶೆಡ್ಡು. ಅದರ ಹಿಂದಿನ ತಗಡಿನ ಇಳಿಜಾರಿನ ಕೆಳಗೆ ಮೇಷ್ಟ್ರು ತಮ್ಮ ಮಣ್ಣನ್ನೆಲ್ಲ ಇಟ್ಟುಕೊಂಡಿದ್ದರು. ಶೆಡ್ಡಿನ ಯಜಮಾನರು ಅವರ ಹಳೆಯ ಶಿಷ್ಯನ ಅಣ್ಣ, ಜಾಗ ಬಿಟ್ಟುಕೊಟ್ಟಿದ್ದರು. ಹೋದ ತಿಂಗಳು ಅವರದೇ ಫೋನು ಬಂತು.

“ಮೇಡಂ, ಗುರ್ತು ಸಿಕ್ತಾ? ಮೇಟಗಳ್ಳಿ ಶೆಡ್ಡಿಂದ ಕಣ್ರೀ. ನಿಮ್ಮ ಮೇಷ್ಟ್ರುದು ಒಂದು ಟಿನ್ನು ಉಳ್ಕೊಂಡದೆ. ಬಂದು ತಗೊಂಡೋಗಿ.”

ಶಾಲೆ ಬಿಟ್ಟವಳೇ ಆಟೋ ಹತ್ತಿ ಹೋದೆ. ಹಿಂದಿನ ತಗಡು ಇರಲಿಲ್ಲ. ನೆಲ ಎತ್ತರವಾಗಿ ಹೊಸ ಕಾಂಕ್ರೀಟ್ ಹೊಳೆಯುತ್ತಿತ್ತು. ಮಣ್ಣು ತುಂಬಿದ ಟ್ರೇಗಳು ಎಲ್ಲಿ ಎಂದು ಕೇಳಿದೆ.

“ಅಯ್ಯೋ, ಫ್ಲೋರಿಂಗ್ ಎತ್ತರ ಮಾಡ್ಸಿದ್ವಿ ಮೇಡಂ, ಮಣ್ಣು ಸಾಲ್ಲಿಲ್ಲ. ಅದನ್ನೂ ಸುರಿಸ್ಬುಟ್ಟೆ.”

“ಹಲಗೆ? ಟ್ರೇ ಹಲಗೆ?”

“ಕೆಲ್ಸದೋರು ನೀರು ಕಾಯ್ಸ್ಕೊಂಡ್ರು.” ನನ್ನ ಮುಖ ನೋಡಿ ಅವರಿಗೇ ಏನೋ ಅನ್ನಿಸಿರಬೇಕು. “ಬೇಜಾರಾಯ್ತಾ? ಸುಮ್ನೆ ಸುರಿಸ್ಲಿಲ್ಲ ಕಣ್ರೀ. ಮೇಷ್ಟ್ರು ಅಷ್ಟು ವರ್ಷ ಕಾಯ್ದವ್ರೆ, ಒಳಗೆ ಚಿನ್ನ ಗಿನ್ನ ಇದ್ದಾತು ಅಂತ ಒಂದೊಂದೂ ಕೆದಕಿ ನೋಡ್ದೆ. ಬರೀ ಚಿಪ್ಪು.”

ನನಗೆ ಬೇಕಾಗಿದ್ದದ್ದು ಒಂದೇ ಒಂದು ಟ್ರೇ. ಎರಡನೆಯ ಬೋರಿನ ನಾಲ್ಕನೆಯ ಟ್ರೇ. ಅದನ್ನು ಯಾರಾದರೂ ತಿರುಗಿಸಿ ಇಟ್ಟಿದ್ದರೇ, ಇಲ್ಲ ನಾನು ತಪ್ಪಾಗಿ ತುಂಬಿದ ಹಾಗೆಯೇ ಇತ್ತೇ… ಅಷ್ಟು ನೋಡಬೇಕಿತ್ತು. ಶೆಡ್ಡು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಇಷ್ಟು ವರ್ಷ ಹೋಗದೆ, ಅದು ಕಾಂಕ್ರೀಟಿನ ಕೆಳಗೆ ಹೋದ ಮೇಲೆ ಹೋದೆ. ಟಿನ್ನಿನಲ್ಲಿ ಹತ್ತು ಹನ್ನೊಂದು ರೀಲು ಡಬ್ಬಿಗಳಿದ್ದವು. ಅದರಲ್ಲೊಂದು ಇದು.

ಮೇಷ್ಟ್ರು ಭೂಗರ್ಭಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮನೆ ಸರಸ್ವತಿಪುರಂ. ಮೈಸೂರಿನ ನೆಲದಲ್ಲಿ ಎಲ್ಲಿ ಅಗೆದರೂ ಕರಿಗಲ್ಲು, ಬಿಳಿಗಲ್ಲು. ಅವರು ಮಾತ್ರ ನಲವತ್ತು ವರ್ಷ ಬಸ್ಸು ಹತ್ತಿ ಘಟ್ಟ ಇಳಿದು, ನದಿಗಳು ಸಮುದ್ರ ಸೇರುವ ಅಳಿವೆಗಳಲ್ಲಿ ಮೆತ್ತಗೆ ಕೂತ ಮಣ್ಣನ್ನು ತೋಡಿ ತರುತ್ತಿದ್ದರು. ಎಲ್ಲಿ ಮರಳು, ಎಲ್ಲಿ ರೇವೆ, ಎಲ್ಲಿ ಜೇಡಿ, ಒಂದರ ಮೇಲೊಂದು ಯಾವಾಗ ಬಂದು ಕೂತವು, ಸಮುದ್ರ ಎಲ್ಲಿಯವರೆಗೆ ಬಂದು ಹಿಂದೆ ಹೋಯಿತು… ಸಂಜೆ ಅವರು ಕಾಫಿಗೆ ಹೋಗುತ್ತಿದ್ದ ಹೋಟೆಲಿನ ಗಲ್ಲಾದವನು ದಿನಾ ಕೇಳುತ್ತಿದ್ದ, “ಏನ್ ಮೇಷ್ಟ್ರೇ, ಸಮುದ್ರ ಇವತ್ತು ಎಲ್ಲಿಗಂಟ ಬಂತು?” “ಇನ್ನೂ ಕುಕ್ಕರಹಳ್ಳಿ ಕೆರೆ ಏರಿ ದಾಟಿಲ್ಲ, ಕಾಫಿ ಕೊಡು” ಎನ್ನುತ್ತಿದ್ದರು. ದಿನಾ ಎಂದೆ. ನಾನು ಕೇಳಿದ್ದು ಎರಡು ಸಲ ಇರಬಹುದು.

ನಾನು ಅವರ ವಿದ್ಯಾರ್ಥಿನಿ. ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಇದ್ದಾಗ ಸಹಾಯಕ್ಕೆ ಕರೆದರು. ಮೊದಲ ದಿನವೇ ಒಂದು ಚೂರು ಕಪ್ಪು ಮಣ್ಣು ಅಂಗೈ ಮೇಲಿಟ್ಟು, “ಹಲ್ಲಿಗೆ ಕೊಡು” ಅಂದರು. ತಮಾಷೆ ಎಂದುಕೊಂಡೆ.

“ನಾಲಿಗೆ ಸುಳ್ಳು ಹೇಳ್ತದೆ ಕಣಮ್ಮ. ಹಲ್ಲು ಹೇಳಲ್ಲ. ಮುಂದಿನ ಹಲ್ಲಲ್ಲಿ ಮೆಲ್ಲಗೆ ಕಡಿ. ಕರಕರ ಅಂದ್ರೆ ರೇವೆ. ಬೆಣ್ಣೆ ಅಂಗೆ ಜಾರಿದ್ರೆ ಜೇಡಿ.”

ಜಾರಿತು. ಆಮೇಲೆ ವರ್ಷವಿಡೀ ಮಣ್ಣು ಕಡಿದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಅಡುಗೆಮನೆಯ ಹೊಸಿಲಲ್ಲಿ ಅಮ್ಮ ತಡೆದು ನಿಲ್ಲಿಸುತ್ತಿದ್ದಳು. “ಏನೇನು ಸತ್ತಿತ್ತೋ ಆ ಮಣ್ಣಲ್ಲಿ. ಬಾಯಿ ಮುಕ್ಕಳಿಸಿ ಬಾರೇ.”

ಆ ವರ್ಷದ ಕೆಲಸ ಒಂದು ಕುದ್ರುವಿನದು. ಅಳಿವೆಯ ನಡುವೆ ಮರಳು ಕೂತು ಎದ್ದ ಸಣ್ಣ ದ್ವೀಪಕ್ಕೆ ಅಲ್ಲಿಯವರು ಕುದ್ರು ಎನ್ನುತ್ತಾರೆ. ಸುತ್ತ ನೀರು, ಕುಡಿಯಲು ಇಲ್ಲ. ತೋಡಿದ ಬಾವಿಗಳಲ್ಲಿ ಮಳೆಗಾಲ ಕಳೆಯುತ್ತಲೇ ಉಪ್ಪು. ಹೆಂಗಸರು ದೋಣಿಯಲ್ಲಿ ಕೊಡ ತುಂಬಿಕೊಂಡು ಆಚೆ ದಡದಿಂದ ತರುತ್ತಿದ್ದರು. ನಾವು ಉಳಿದುಕೊಂಡಿದ್ದ ಶಾಲೆಗೆ ಒಬ್ಬಾಕೆ ಚಹಾ ತಂದುಕೊಡುತ್ತಿದ್ದಳು, ಕರಿ ಚಹಾ. ಹಾಲಿಲ್ಲವೇ ಎಂದು ಕೇಳಿದ್ದಕ್ಕೆ, ಇಲ್ಲಿನ ನೀರಿಗೆ ಹಾಲು ಹಾಕಿದರೆ ಒಡೆಯುತ್ತದೆ ಎಂದಳು. ನಮ್ಮ ಪೈಪು, ಮೀಟರು, ನಕ್ಷೆ ಎಲ್ಲವನ್ನೂ ನೋಡಿ ಆಕೆ ಕೇಳಿದ್ದು ಇಷ್ಟೇ: ನೀವು ಹುಡುಕುವ ನೀರಿಗೆ ಹಾಲು ಹಾಕಬಹುದೇ?

ಮೇಷ್ಟ್ರು ಅದನ್ನು ಮರೆಯಲಿಲ್ಲ. “ಹಂಚಿನ ಕಾರ್ಖಾನೆಯೋರಿಗೆ ಜೇಡಿ ತೋರ್ಸ್ದೆ, ಸುಣ್ಣದ ಗೂಡಿನೋರಿಗೆ ಚಿಪ್ಪು ತೋರ್ಸ್ದೆ. ಕುಡಿಯೋರಿಗೆ ಮಾತ್ರ ಇಷ್ಟು ವರ್ಷದಲ್ಲಿ ಏನೂ ತೋರ್ಸಿಲ್ಲ ಕಣಮ್ಮ” ಎಂದು ಬಸ್ಸಿನಲ್ಲಿ ಬರುವಾಗ ಹೇಳಿದರು. ಕುದ್ರುವಿನ ಜನರೇ ಸೇರಿ ಒಂದು ಕೊಳವೆ ಬಾವಿ ಹಾಕಿಸಲು ಹೊರಟಿದ್ದರು. ಒಂದೇ ಬಾವಿ. ಎಲ್ಲಿ, ಎಷ್ಟು ಆಳಕ್ಕೆ ಎಂದು ಮೇಷ್ಟ್ರು ಹೇಳಬೇಕು.

ಲೆಕ್ಕಾಚಾರ ಕಷ್ಟದ್ದಲ್ಲ. ಮೇಲೆ ಚಿಪ್ಪು ಬೆರೆತ ಮರಳು, ಅದರಲ್ಲಿ ಉಪ್ಪುನೀರು. ಅದರ ಕೆಳಗೆ ಕಪ್ಪು ಜೇಡಿಯ ಒಂದು ಹಾಸು, ನೀರು ಇಳಿಯಲು ಬಿಡದ್ದು. ಜೇಡಿಯ ಕೆಳಗೆ ಯಾವ ಕಾಲದಲ್ಲೋ ನದಿ ಹಾಕಿಹೋದ ಮರಳು, ಅದರಲ್ಲಿ ಸಿಹಿನೀರು. ಜೇಡಿಯವರೆಗೆ ತೂತಿಲ್ಲದ ಪೈಪು ಇಳಿಸಬೇಕು. ತೂತಿನ ಪೈಪು ಅದರ ಕೆಳಗೆ ಮಾತ್ರ. ಮೂರು ಮೀಟರ್ ತಪ್ಪಿದರೂ ಮೇಲಿನ ಉಪ್ಪು ಒಳಗೆ ಬರುತ್ತದೆ. ಬಂದರೆ ಆ ಬಾವಿಯ ಕತೆ ಮುಗಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಮೂರು ಕಡೆ ಬೋರ್ ತೋಡಿ, ಪೈಪಿನಲ್ಲಿ ಬಂದ ಮಣ್ಣನ್ನು ಹಾಗೆಯೇ ಲಾರಿಯಲ್ಲಿ ಮೇಟಗಳ್ಳಿಗೆ ತಂದೆವು. ಎರಡನೆಯ ಬೋರಿನ ದಿನ ಮೇಷ್ಟ್ರು ಅಲ್ಲಿದ್ದರೇ? ನನ್ನ ನೆನಪಿನಲ್ಲಿ ಅವರು ಕೊಡೆ ಹಿಡಿದು ನಿಂತಿದ್ದಾರೆ, ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ. ಆದರೆ ಆ ವಾರ ಅವರಿಗೆ ಜ್ವರ ಬಂದು ಶಾಲೆಯ ಜಗಲಿಯಲ್ಲಿ ಮಲಗಿದ್ದದ್ದೂ ನೆನಪಿದೆ. ಎರಡೂ ಒಂದೇ ದಿನ ಆಗಿರಲಾರದು. ನೋಟ್ ಪುಸ್ತಕ ಇದ್ದಿದ್ದರೆ ತಿಳಿಯುತ್ತಿತ್ತು. ಫೀಲ್ಡಿನಲ್ಲಿ ಪೆನ್ಸಿಲಿನಲ್ಲೇ ಬರೆಯಬೇಕು ಎಂದು ಅವರು ನೂರು ಸಲ ಹೇಳಿದ್ದರು. ನಾನು ಪೆನ್ನಿನಲ್ಲಿ ಬರೆದೆ. ಮಳೆಗೆ ಪುಟಗಳು ನೀಲಿ ನೀರಾದವು. ಹಾಗಾಗಿ ಎರಡನೆಯ ಬೋರಿಗೆ ಟ್ರೇಗಳೇ ಸಾಕ್ಷಿ.

ಟ್ರೇ ಎಂದರೆ ಉದ್ದನೆಯ ಮರದ ಪೆಟ್ಟಿಗೆ, ಮುಚ್ಚಳವಿಲ್ಲ, ಒಳಗೆ ಐದು ಸಾಲು. ಸಾಲಿಗೆ ಒಂದು ಮೀಟರ್ ಮಣ್ಣು. ಎಡಗಡೆ ಮೇಲಿನ ಮೂಲೆಗೆ ಮೇಷ್ಟ್ರು ಕೆಂಪು ಬಣ್ಣದ ಬೊಟ್ಟು ಇಡುತ್ತಿದ್ದರು. “ಇದು ತಲೆ. ಇಲ್ಲಿಂದ ಶುರು. ಪುಸ್ತಕ ಓದ್ದಂಗೆ ಓದ್ಕೊಂಡು ಹೋಗೋದು. ಕೊನೇ ಸಾಲಿನ ಬಲಗಡೆ ಮೂಲೆ ಕಾಲು.” ಅವರು ಮೇಜಿನ ಗೋಡೆಯ ಕಡೆ, ನಾನು ಬಾಗಿಲ ಕಡೆ. ಎದುರು ಬದುರು. ಬೇರೆ ಟ್ರೇಗಳನ್ನೆಲ್ಲ ಅವರ ಪಕ್ಕದಲ್ಲಿ ನಿಂತೇ ತುಂಬಿದೆ. ನಾಲ್ಕನೆಯದಕ್ಕೆ ಮಾತ್ರ…

ಯಾಕೆ ಎಂದು ಗೊತ್ತಿಲ್ಲ. ಮಧ್ಯಾಹ್ನದ ಬಿಸಿಲು ಆ ಕಡೆ ಬರುತ್ತಿತ್ತು ಎಂದು ಎಷ್ಟೋ ವರ್ಷ ನಂಬಿದ್ದೆ. ಹೋದ ತಿಂಗಳು ಶೆಡ್ಡಿನಲ್ಲಿ ನಿಂತು ನೋಡಿದರೆ ಆ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುವುದೇ ಇಲ್ಲ. ಹೇಗೋ ನಾನು ನನ್ನ ಕಡೆಯ ಸ್ಟೂಲಿನಲ್ಲೇ ಕೂತು, ನನ್ನ ಎಡದಿಂದ ಬಲಕ್ಕೆ, ನನ್ನ ಮೇಲಿಂದ ಕೆಳಕ್ಕೆ ತುಂಬಿದೆ. ಕೆಂಪು ಬೊಟ್ಟು ಅವರ ಕಡೆ ಇತ್ತು. ನನ್ನ ತಲೆ ಅವರಿಗೆ ಕಾಲು, ನನ್ನ ಕಾಲು ಅವರಿಗೆ ತಲೆ. ಹದಿನೈದರಿಂದ ಇಪ್ಪತ್ತು ಮೀಟರಿನವರೆಗಿನ ಭೂಮಿಯನ್ನು ಬುಡಮೇಲು ಮಾಡಿ ಅವರ ಮುಂದಿಟ್ಟೆ.

ಕೊನೆಯ ಎರಡು ಸಾಲಿನಲ್ಲಿರಬೇಕಾದ ಕಪ್ಪು ಜೇಡಿ ಮೊದಲ ಎರಡು ಸಾಲಿಗೆ ಬಂತು. ಜೇಡಿಯ ಮೇಲಿನ ಉಪ್ಪುಮರಳು ಕೆಳಗೆ ಹೋಗಿ ಸಿಹಿಮರಳಿನ ಜೊತೆ ಸೇರಿಕೊಂಡಿತು. ಮೇಷ್ಟ್ರು ತಮ್ಮ ಕುರ್ಚಿಯಲ್ಲಿ ಕೂತು, ಚೂರು ಚೂರು ಹಲ್ಲಿಗಿಟ್ಟು ಹೇಳಿದರು, ನಾನು ಬರೆದುಕೊಂಡೆ. ಜೇಡಿ, ಜೇಡಿ, ಮರಳು, ಮರಳು, ಮರಳು. ಅವರ ಹಲ್ಲು ಒಂದೂ ತಪ್ಪು ಹೇಳಲಿಲ್ಲ. ಬೋರ್ ತೋಡುವಾಗ ಅಳಿವೆಯ ಉಪ್ಪುನೀರನ್ನೇ ಹಾಕಿದ್ದರಿಂದ ಮಣ್ಣೆಲ್ಲ ಉಪ್ಪು. ನಾಲಿಗೆಗೆ ಏನೂ ತಿಳಿಯುವ ಹಾಗಿರಲಿಲ್ಲ. ಬಾವಿ ಎರಡನೆಯ ಬೋರಿನ ಜಾಗದಲ್ಲಿ, ಜೇಡಿ ಹದಿನೇಳು ಮೀಟರಿಗೇ ಮುಗಿಯುತ್ತದೆ ಎಂದು ವರದಿ ಟೈಪಾಯಿತು, ಅಂಚೆಯಲ್ಲಿ ಹೋಯಿತು.

ಅದು ಹೋಗಿ ಹತ್ತು ದಿನವಿರಬಹುದು, ಮೇಷ್ಟ್ರು ಶೆಡ್ಡಿಗೆ ಬಂದಿರಲಿಲ್ಲ. ನಾನು ಅವರ ಕುರ್ಚಿಯಲ್ಲಿ ಕೂತು ಚಿಪ್ಪುಗಳ ಚಿತ್ರ ಬರೆಯುತ್ತಿದ್ದೆ. ಅವರೇ ಕಲಿಸಿದ್ದು: ಚಿಪ್ಪು ಬೀಳುವಾಗ ಹೇಗಾದರೂ ಬೀಳಲಿ, ಹರಿಯುವ ನೀರು ಅದನ್ನು ಬೋರಲು ಮಲಗಿಸುತ್ತದೆ, ಬೆನ್ನು ಮೇಲೆ, ಹೊಟ್ಟೆ ಕೆಳಗೆ. ಎಲ್ಲ ಟ್ರೇಗಳಲ್ಲೂ ಚಿಪ್ಪುಗಳ ಬೆನ್ನು ತಲೆಯ ಕಡೆ, ಎಡಕ್ಕೆ ಇತ್ತು. ನಾಲ್ಕನೆಯದರಲ್ಲಿ ಎಲ್ಲವೂ ಅಂಗಾತ. ಮಗುಚಿಬಿದ್ದ ಹುಳುಗಳ ಹಾಗೆ, ಒಂದಲ್ಲ ಎರಡಲ್ಲ, ಅಷ್ಟೂ.

ಮೇಷ್ಟ್ರ ಕಣ್ಣಿಗೆ ಬೀಳಲಿಲ್ಲವೇ? ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಒಪ್ಪಿಕೊಳ್ಳುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಲು ನನ್ನನ್ನು ಕೇಳುವಾಗ “ಕನ್ನಡಕ ಒರೆಸ್ಬೇಕು” ಎನ್ನುತ್ತಿದ್ದರು. ನಾನು ತಪ್ಪು ತುಂಬಿದೆ ಎಂದು ಹೇಳಿದರೆ, ನಿಮಗೆ ಕಾಣಲಿಲ್ಲ ಎಂದೂ ಹೇಳಿದಂತೆ ಆಗುತ್ತಿತ್ತು. ಇದನ್ನು ಆಗಲೇ ಯೋಚಿಸಿದ್ದೆನೋ, ಆಮೇಲೆ ನನ್ನ ಅನುಕೂಲಕ್ಕೆ ಹೊಂದಿಸಿಕೊಂಡೆನೋ, ಬೇರ್ಪಡಿಸಲು ಆಗುತ್ತಿಲ್ಲ.

ಮಾರನೆಯ ಬೆಳಿಗ್ಗೆ ಸರಸ್ವತಿಪುರಂಗೆ ಹೋದೆ. ಅವರೆಕಾಯಿ ಕಾಲ. ಮೇಷ್ಟ್ರ ಹೆಂಡತಿ ಹಜಾರದಲ್ಲಿ ಅವರೆಕಾಳು ಹಿತಕುತ್ತಾ ಕೂತಿದ್ದರು. “ಬಾಮ್ಮ. ನಿಮ್ ಮೇಷ್ಟ್ರು ಬೆಳಿಗ್ಗೆಯಿಂದ ಪೇಪರ್ರು ತಲೆಕೆಳಗೆ ಇಟ್ಕೊಂಡು ಓದ್ತಾ ಅವ್ರೆ, ನೀನಾದ್ರೂ ಹೇಳು” ಎಂದರು. ಈ ಮಾತು ತೀರಾ ಅಚ್ಚುಕಟ್ಟಾಗಿ ಬಂದು ಕೂತಿದೆ. ನಾನೇ ಸೇರಿಸಿರಬೇಕು. ಪೇಪರ್ ತಲೆಕೆಳಗೆ ಇತ್ತು ಎಂದು ಅವರು ಹೇಳಲಿಲ್ಲ ಎಂದೇ ಇಟ್ಟುಕೊಳ್ಳೋಣ. ಅವರೆಕಾಳಂತೂ ಇತ್ತು.

ನನ್ನ ಬಳಿ ಹೇಳಲು ಎರಡು ವಿಷಯಗಳಿದ್ದವು. ಒಂದು, ಹೂಟಗಳ್ಳಿಯ ಕಡೆ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದೆ, ಸೋಮವಾರ ಸೇರಬೇಕು. ಇನ್ನೊಂದು, ನಾಲ್ಕನೆಯ ಟ್ರೇ. ಸುಲಭದ್ದನ್ನು ಮೊದಲು ಹೇಳಿದೆ.

“ಒಳ್ಳೇದಾಯ್ತು ಬುಡು,” ಅಂದರು ಮೇಷ್ಟ್ರು. “ಮಣ್ಣು ತಿನ್ಬೇಡ್ರೋ ಅಂತ ಮಕ್ಕಳಿಗೆ ಹೇಳ್ಕೊಡ್ತೀಯ ಇನ್ಮೇಲೆ.”

“ನೀವ್ ಮಾತ್ರ ತಿನ್ಸಿ,” ಎಂದರು ಅವರ ಹೆಂಡತಿ. “ಪಾಪ, ಅವರಮ್ಮ ಎಷ್ಟು ಶಾಪ ಹಾಕವ್ರೋ.”

ಮೂವರೂ ನಕ್ಕೆವು. ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ನೆನಪುಗಳಿವೆ, ಎರಡೂ ಅಷ್ಟೇ ಸ್ಪಷ್ಟ. ಒಂದರಲ್ಲಿ ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, “ಸರ್, ಎರಡನೇ ಬೋರಿಂದು ನಾಲ್ಕನೇ ಟ್ರೇ ಒಂದ್ಸಲ ನೀವು ನೋಡ್ಬೇಕಿತ್ತು” ಎನ್ನುತ್ತೇನೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ, “ನೋಡಾನ” ಎನ್ನುತ್ತಾರೆ. ಇನ್ನೊಂದರಲ್ಲಿ ಉಪ್ಪಿಟ್ಟು ಮುಗಿಸುತ್ತೇನೆ, ಕೈ ತೊಳೆಯುತ್ತೇನೆ, ಅವರ ಕಾಲಿಗೆ ನಮಸ್ಕಾರ ಮಾಡಿ ಗೇಟು ಹಾಕಿಕೊಂಡು ಬರುತ್ತೇನೆ. ಮೊದಲನೆಯದು ನಡೆದದ್ದೇ ಆಗಿದ್ದರೆ ಎರಡನೆಯದು ಯಾಕಿದೆ? ಎರಡನೆಯದು ನಡೆದಿದ್ದರೆ, ಮೊದಲನೆಯದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡು ಗಟ್ಟಿ ಮಾಡಿರಬಹುದು…

ಕುದ್ರುವಿನವರಿಗೆ ನಾನೇ ಒಂದು ಕಾಗದ ಬರೆಯಬಹುದಿತ್ತು. ವಿಳಾಸ ನನ್ನ ಅಕ್ಷರದಲ್ಲೇ ಇತ್ತು. ಬರೆಯಲಿಲ್ಲ. ಇದರಲ್ಲಿ ಮಾತ್ರ ಎರಡು ನೆನಪಿಲ್ಲ.

ಶಾಲೆ ಸೇರಿ ಎರಡೋ ಮೂರೋ ವಾರವಾಗಿತ್ತು. ಸಿಟಿ ಬಸ್ಸಿನಲ್ಲಿ ಮೇಷ್ಟ್ರ ಹೆಂಡತಿ ಸಿಕ್ಕರು. “ಅವ್ರು ಆ ಕುದ್ರುಗೆ ಹೋಗವ್ರೆ ಕಣಮ್ಮ. ಒಬ್ರೇ. ಕಣ್ಣು ಕಾಣಲ್ಲ, ಎಲ್ಲಾರ ಬಿದ್ದೀರಿ ಅಂದ್ರೆ ಎಲ್ಲಿ ಕೇಳ್ತಾರೆ? ಬಾವಿ ನೋಡ್ಬೇಕಂತೆ.”

“ಬಾವಿ ಹಾಕಿ ಆಯ್ತಾ ಅಮ್ಮ, ಇನ್ನೂ ಹಾಕ್ಬೇಕಾ?”

“ನಂಗೆ ಅದೆಲ್ಲ ಎಲ್ಲಿ ಹೇಳ್ತಾರೆ? ಕ್ಯಾನು ತಗೊಂಡೋಗಿ ಅಂದೆ, ಬ್ಯಾಡ ಅಂದ್ರು. ಅಲ್ಲೇ ಕುಡೀತೀನಿ ಅಂದ್ರು.”

ಅಲ್ಲೇ ಕುಡೀತೀನಿ. ಸಿಹಿನೀರು ಬಂದಿದೆ ಎಂದು ಕುಡಿಯಲು ಹೋದರೇ? ಪೈಪು ಇಳಿಸುವ ಮೊದಲು ತಡೆಯಲು ಹೋಗಿ, ಆಮೇಲೆ ಕುಡಿದೇ ಬರುತ್ತೇನೆ ಎಂದು ನಿಂತರೇ? ಉಪ್ಪು ಬಂದಿದೆ ಎಂದು ಯಾರೋ ಬರೆದದ್ದಕ್ಕೆ, ತಾವೇ ಕುಡಿದು ನೋಡಲು ಹೋದರೇ? ಸ್ಟಾಪು ಬಂತು, ಅವರು ಇಳಿದರು.

ಮೇಷ್ಟ್ರನ್ನು ಮತ್ತೆ ನೋಡಿದ್ದು ಒಂದೇ ಸಲ. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು, ಆ ಹೋಟೆಲಿನ ಮುಂದೆ ಹೆಂಡತಿಯ ಕೈ ಹಿಡಿದು ನಿಂತಿದ್ದರು. ರಸ್ತೆ ದಾಟಿದರೆ ಇಪ್ಪತ್ತು ಹೆಜ್ಜೆ. ಕೇಳಬಹುದಿತ್ತು: ಸರ್, ನೀರು ಹೇಗಿತ್ತು? ಮೂರು ಪದ. ಆ ಕನ್ನಡಕದಲ್ಲಿ ಅವರಿಗೆ ನಾನು ಕಾಣುತ್ತಿಲ್ಲ ಎಂದುಕೊಂಡು ಬಂದ ಆಟೋ ಹತ್ತಿದೆ. ಆಟೋ ತಿರುಗುವಾಗ ಅವರು ಕೈ ಎತ್ತಿದ ಹಾಗಿತ್ತು. ನನಗೋ, ಬಸ್ಸಿಗೋ…

ಮುಂದಿನ ವರ್ಷ ಅವರು ಹೋದರು. ಅವರ ಹೆಂಡತಿಯೂ ಈಗಿಲ್ಲ.

ಆದ್ದರಿಂದ ಈ ಡಬ್ಬಿ. ಹದಿನೆಂಟೂವರೆ ಮೀಟರ್, ಕಪ್ಪು ಜೇಡಿ. ನಮ್ಮ ವರದಿಯ ಪ್ರಕಾರ ಆ ಆಳದಲ್ಲಿ ಮರಳು. ಡಬ್ಬಿ ಹೇಳುವುದೇ ಸರಿ. ನಾನು ಎದ್ದು ಕೂತು ಎರಡು ರಾತ್ರಿ ಇದನ್ನೇ ಯೋಚಿಸಿದೆ ಎಂದು ಬರೆಯಲು ಹೊರಟಿದ್ದೆ, ಸುಳ್ಳು. ಚೆನ್ನಾಗಿಯೇ ನಿದ್ದೆ ಬಂತು. ಹಗಲೇ ಯೋಚಿಸಿದ್ದು, ಮಕ್ಕಳ ಟೆಸ್ಟ್ ಪೇಪರು ತಿದ್ದುತ್ತಾ. ಮೇಷ್ಟ್ರು ಈ ಚೀಟಿಯನ್ನು ಕುದ್ರುವಿನಲ್ಲೇ, ಬೋರಿನ ಪಕ್ಕ ಕೊಡೆ ಹಿಡಿದು ನಿಂತು ಬರೆದಿದ್ದರೆ, ಸರಿಯಾದ ಆಳ ಅವರ ಟಿನ್ನಿನಲ್ಲೇ ಇತ್ತು. ಅದನ್ನು ತೆರೆದು ನೋಡದೆ, ನಾನು ತುಂಬಿದ ಟ್ರೇಯನ್ನು ನಂಬಿದರು. ಅವರಿಗೆ ಜ್ವರ ಬಂದ ದಿನವೇ ಆ ಬೋರ್ ಆಗಿದ್ದರೆ, ಈ ಚೂರನ್ನು ಅವರು ಆಮೇಲೆ, ಶೆಡ್ಡಿನಲ್ಲಿ, ಟ್ರೇಯನ್ನು ತಿರುಗಿಸಿಟ್ಟು ತೆಗೆದಿರಬೇಕು. ಹಾಗಾದರೆ ಅವರಿಗೆ ಗೊತ್ತಾಗಿತ್ತು. ನಾನು ಹೇಳಿ ಗೊತ್ತಾಯಿತೋ, ಆ ಪೊರೆಗಣ್ಣಿನಲ್ಲೇ ಚಿಪ್ಪುಗಳನ್ನು ಬೆರಳಿನಿಂದ ತಡವಿ ಕಂಡುಕೊಂಡರೋ. ಟ್ರೇ ಇದ್ದಿದ್ದರೆ ಕೆಂಪು ಬೊಟ್ಟು ಹಳೆಯ ಮೂಲೆಯಲ್ಲೇ ಇದೆಯೋ, ಎದುರು ಮೂಲೆಗೆ ಹೊಸದು ಬಿದ್ದಿದೆಯೋ ನೋಡಿ ಹೇಳುತ್ತಿದ್ದೆ. ಅದರ ಬೂದಿಯೂ ಇಲ್ಲ. ಅದರ ಮಣ್ಣಿನ ಮೇಲೆ ಲೇತ್ ಮೆಷಿನ್ನು ಓಡುತ್ತಿದೆ.

ನಿನ್ನೆ ಸಂಜೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡಿದ ಆ ಮಣ್ಣಿನ ಒಂದು ಕಾಳಿನಷ್ಟನ್ನು ಮುಂದಿನ ಹಲ್ಲಿಗಿಟ್ಟೆ. ಕರಕರ ಎನ್ನಲಿಲ್ಲ. ಜಾರಿತು. ಜೇಡಿ, ಅನುಮಾನವೇ ಇಲ್ಲ. ನಾಲಿಗೆಗೂ ತಾಗಿಸಿದೆ. ಉಪ್ಪಿತ್ತೋ ಇಲ್ಲವೋ ಹೇಳಲಾರೆ. ಇದ್ದರೂ ಅದರಿಂದ ಏನೂ ತಿಳಿಯುವುದಿಲ್ಲ.

ಕುದ್ರುವಿಗೆ ಈಗ ಸೇತುವೆ ಆಗಿದೆಯಂತೆ. ಇಲ್ಲಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ತಲುಪಬಹುದು. ಹೋಗುತ್ತೇನೆ ಎಂದು ಬರೆದರೆ ಓದುವವರಿಗೆ ಸಮಾಧಾನ. ನನಗೆ ನನ್ನ ಮೇಲೆ ಅಷ್ಟು ನಂಬಿಕೆಯಿಲ್ಲ. ಆ ಪೈಪು ಯಾವ ಆಳದಲ್ಲಿ ನಿಂತಿತು ಎಂದು ನನಗೆ ಗೊತ್ತಿಲ್ಲ. ಮೇಷ್ಟ್ರು ಅಲ್ಲಿ ಏನು ಕುಡಿದು ಬಂದರು ಎಂದು ಗೊತ್ತಿಲ್ಲ. ಅಲ್ಲಿಯವರು ಈಗ ಚಹಾಕ್ಕೆ ಹಾಲು ಹಾಕುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ.